ಷಡ್ಡಕನಂಥ ಬೂಟು, ನನ್ನ ಬೆರಳಸಂದಿ

ಮನುಷ್ಯನಿಗೆ ಕಾಲ್ಬೆರಳು ಹತ್ತು, ಅವುಗಳ ನಡುವಿನ ಸಂದಿ ಎಂಟು. ಈ ಎಂಟು ಸಂದಿಗಳ ಕಡೆಗೆ ನಾನು ಹುಟ್ಟಿದಾಗಿನಿಂದ ತಿರುಗಿ ನೋಡಿದವನಲ್ಲ. ನೋಡುವ ಪ್ರಸಂಗವೂ ಬಂದಿರಲಿಲ್ಲ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿ, ಚಪ್ಪಲಿ ಮೆಟ್ಟಿಕೊಂಡು, ಗಾಳಿ-ಬೆಳಕು ಧಾರಾಳವಾಗಿ ಸಿಗುವ ಪಾದಗಳ ಒಡೆಯನಾಗಿ ಸುಖವಾಗಿದ್ದೆ. ಬೂಟಿನ ಆಸೆ ಹುಟ್ಟಿದ್ದು ಮದುವೆಯಾದ ಮೇಲೆ. ಹುಟ್ಟಿಸಿದವರು ವಸಂತರಾವ್.

ವಸಂತರಾವ್ ಅಂದರೆ ನನ್ನ ಹೆಂಡತಿ ವತ್ಸಲಾಳ ಅಕ್ಕನ ಗಂಡ, ಸಂಬಂಧದಲ್ಲಿ ನನ್ನ ಷಡ್ಡಕ. ಹುಬ್ಬಳ್ಳಿಯಲ್ಲಿ ದೊಡ್ಡ ಸಾಹೇಬರು. ರಾಮದುರ್ಗದ ನಮ್ಮ ಮಾವನವರ ಮನೆಗೆ ಅವರು ಬಂದರೆ ಕುರ್ಚಿ ತಾನಾಗಿಯೇ ಮುಂದೆ ಬರುತ್ತಿತ್ತು. ನಾನು ಬಂದರೆ ಚಾಪೆ ಎಲ್ಲಿದೆ ಎಂದು ಹುಡುಕುತ್ತಿದ್ದರು. ಬಾಗಿಲ ಹೊರಗೆ ಅವರ ಕರಿ ಬೂಟು ಮಿರಿಮಿರಿ ಮಿಂಚುತ್ತ ಕೂತಿರುತ್ತಿತ್ತು. ಪಕ್ಕದಲ್ಲಿ ಉಂಗುಟ ಕಿತ್ತು ಪಿನ್ನು ಚುಚ್ಚಿಸಿಕೊಂಡ ನನ್ನ ಚಪ್ಪಲಿ. ವತ್ಸಲಾ ಅದನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಮರೆಗೆ ಸರಿಸುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಅಧಿಕ ಮಾಸ ಬಂತು. ನಮ್ಮ ಕಡೆ ಅಧಿಕ ಮಾಸ ಬಂತೆಂದರೆ ಅಳಿಯಂದಿರಿಗೆ ಸುಗ್ಗಿ. ಅಳಿಯನನ್ನು ಸಾಕ್ಷಾತ್ ನಾರಾಯಣನೆಂದು ಭಾವಿಸಿ ಮಣೆಯ ಮೇಲೆ ಕೂರಿಸುತ್ತಾರೆ. ಅತ್ತೆ ನೀರು ಹಾಕಿ, ಮಾವ ಕಾಲು ತೊಳೆದು, ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಅಕ್ಕಿಹಿಟ್ಟು ಬೆಲ್ಲ ಕೂಡಿಸಿ ಕರಿದ ಮೂವತ್ತಮೂರು ಅನಾರಸ ತುಂಬಿದ ಪಾತ್ರೆಯನ್ನು ಕೈಗಿಡುತ್ತಾರೆ. ಮೂರು ವರ್ಷಕ್ಕೊಮ್ಮೆ ಸಿಗುವ ಈ ನಾರಾಯಣ ಪದವಿಗೆ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಹೆಣ್ಣು ಕೊಟ್ಟ ಮಾವನೊಬ್ಬನಿದ್ದರೆ ಸಾಕು!

ನಮ್ಮ ಮದುವೆಯಾದ ಮೇಲೆ ಅದೇ ಮೊದಲ ಅಧಿಕ ಮಾಸ. ಮಾವನವರು ಇಬ್ಬರೂ ಅಳಿಯಂದಿರನ್ನು ಒಂದೇ ದಿನ ಕರೆದಿದ್ದರು. ಸುದ್ದಿ ಕೇಳಿ ವತ್ಸಲಾ ಒಲೆಯ ಮೇಲಿನ ಹಾಲು ಮರೆತಳು.

"ಒಂದ ಸಾಲಿನ್ಯಾಗ ಎರಡು ಮಣಿ ಹಾಕ್ತಾರಂತ. ಇಬ್ಬರಿಗೂ ಒಂದ ನಮೂನಿ ಧೋತರ. ಈ ಸಲ ನೀವು ಭಾವನವರ ಸರಿಸಮ ಕೂಡತೀರಿ. ನನ್ನ ತವರಮನಿ ಮಂದಿ ಮುಂದ ನಾ ಒಮ್ಮೆ ತಲಿ ಎತ್ತಿ ನಿಂದರಬೇಕ್ರಿ. ಅಷ್ಟು ಮಾಡ್ರಿ, ಮತ್ತೇನೂ ಬ್ಯಾಡ ನನಗ" ಅಂದಳು.

ಸರಿಸಮ! ಆ ಮಾತು ನನ್ನ ತಲೆಗೆ ಹೊಕ್ಕಿತು. ಸರಿಸಮ ಆಗುವುದೆಂದರೆ ಬುಡದಿಂದಲೇ ಆಗಬೇಕು ಎಂದು ಬಜಾರಿಗೆ ಹೋಗಿ ವಸಂತರಾವ್ ಹಾಕುವಂಥದೇ ಬೂಟು ಹುಡುಕಿದೆ. ಅದೇ ಕರಿ ಬಣ್ಣ, ಅದೇ ಚೂಪು ಮೂತಿ, ನಂಬರೂ ಅದೇ. ಜೊತೆಗೆ ಒಂದು ಜೋಡಿ ನೈಲಾನ್ ಕಾಲುಚೀಲ. "ಎರಡು ಜೋಡಿ ಇರ್ಲಿ ತಗೋರಿ ಸರ" ಎಂದ ಅಂಗಡಿಯವನಿಗೆ, ನನಗಿರುವುದು ಎರಡೇ ಕಾಲು ಎಂದು ತಿಳಿಸಿ ಹೇಳಿದೆ.

ಪೂಜೆಯ ಹೊತ್ತಿಗೆ ಬೂಟು ರೂಢಿಯಾಗಲೆಂದು ಕಠಿಣ ಅಭ್ಯಾಸ ಕೈಗೊಂಡೆ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಕಾಲಿಗೇ ಕಾಲುಚೀಲ ಏರಿಸಿದರೆ ಸಂಜೆ ದೀಪ ಹಚ್ಚುವವರೆಗೆ ಇಳಿಸುತ್ತಿರಲಿಲ್ಲ. ಮಳೆಯಲ್ಲಿ ನೆನೆದರೂ ಅದೇ ಬೂಟು, ಮರುದಿನವೂ ಅದೇ ಕಾಲುಚೀಲ. ಆಗ ಒಂಬತ್ತನೇ ಇಯತ್ತೆಗೆ ಶಿಲೀಂಧ್ರಗಳ ಪಾಠ ನಡೆದಿತ್ತು. "ಶಿಲೀಂಧ್ರಗಳು ಕತ್ತಲೆಯಾದ, ಬೆಚ್ಚಗಿನ, ಒದ್ದೆ ಜಾಗದಲ್ಲಿ ಹುಲುಸಾಗಿ ಬೆಳೆಯುತ್ತವೆ" ಎಂದು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯುತ್ತ, ಎಡಗಾಲಿನ ಬೂಟಿನಿಂದ ಬಲಗಾಲಿನ ಬೂಟನ್ನು ಕಸಕಸ ತಿಕ್ಕುತ್ತಿದ್ದೆ. ಬರೆದದ್ದು ನನ್ನ ಬೂಟಿನದೇ ವಿಳಾಸ ಎಂದು ನನಗೆ ಹೊಳೆಯಲೇ ಇಲ್ಲ!

ತುರಿಕೆ ಬಂತು. ಆಹಾ, ಅದೆಂಥ ತುರಿಕೆ! ಕಿರುಬೆರಳ ಪಕ್ಕದ ಸಂದಿ ಬೆಳ್ಳಗಾಗಿ, ಮೆತ್ತಗಾಗಿ, ಸಿಪ್ಪೆ ಏಳತೊಡಗಿತು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಕೆರೆದುಕೊಳ್ಳುತ್ತಿದ್ದಾಗ ಬಾಜೂ ಮನೆಯ ಬಸಣ್ಣ ಬಗ್ಗಿ ನೋಡಿದರು. ದೊಡವಾಡದಲ್ಲಿ ಅವರಿಗೆ ಹೊಲವಿತ್ತು.

"ಇದು ಕೆಸರುಹುಣ್ಣು ಅಲ್ಲೇನ್ರಿ ಮಾಸ್ತರ? ಕಬ್ಬಿಗೆ ನೀರ್ ಹಾಯ್ಸೋ ಮಂದಿಗೆ ಆಗತೈತಿ ಇದು. ನೀವ್ ಯಾವ ಹೊಲಕ್ಕ ನೀರ್ ಹಾಯ್ಸಾಕ ಹೋಗಿದ್ರಿ?"

ನನ್ನ ಹೊಲ ಬಾಗಿಲಲ್ಲೇ ಜೋಡಿಯಾಗಿ ಕೂತಿತ್ತು. ದಿನಾ ತಪ್ಪದೆ ನೀರು ಹಾಯಿಸಿದ್ದೂ ನಾನೇ.

"ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರ್ರಿ" ಎಂದಳು ವತ್ಸಲಾ.

"ಏ ಹುಚ್ಚಿ, ವಿಜ್ಞಾನದ ಮಾಸ್ತರ ಆಗಿ ಬೆರಳಸಂದಿ ತೋರಿಸ್ಲಿಕ್ಕೆ ದವಾಖಾನ್ಯಾಗ ಪಾಳಿ ಹಚ್ಚಲ್ಯಾ?" ಎಂದು ನೇರ ಮೆಡಿಕಲ್ ಅಂಗಡಿಗೆ ಹೋದೆ.

ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕೆಮ್ಮಿನ ಔಷಧ ಕೊಳ್ಳುತ್ತ ನಿಂತಿದ್ದರು. ನನಗೆ ನಾಚಿಕೆಯಾಯಿತು. ಅಂಗಡಿಯವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ. ಆತ ಇಡೀ ಬಜಾರಿಗೆ ಕೇಳುವಂತೆ ಕೇಳಿದ: "ಎಲ್ಲಿ, ಬೆರಳಸಂದ್ಯಾಗೇನ್ರಿ ಸರ? ವಾಸನಿ ಐತೇನ್ರಿ?"

"ನನಗಲ್ಲ, ನಮ್ಮ ಬಾಜೂ ಮನಿಯವ್ರಿಗೆ" ಎಂದೆ.

"ಹಂಗಾದ್ರ ಬಾಜೂ ಮನಿಯವ್ರಿಗೆ ಹೇಳ್ರಿ, ಕಾಲ್ ತೊಳದು, ಸಂದಿ ಒಣಾ ಆಗೂ ಹಂಗ ಒರಸಿ, ಮುಂಜಾನೆ ಸಂಜಿಕ ಈ ಮುಲಾಮ ಹಚ್ಚಬೇಕು. ಹ್ವಾದಂಗ ಕಂಡ್ರೂ ಬಿಡಬಾರ್ದು, ಮುಂದ ಇನ್ನೊಂದೀಟು ದಿನ ಹಚ್ಚಬೇಕು. ನಡಕ ಬಿಟ್ರ ತಿರುಗಿ ಬರತೈತಿ. ಕಾಲಚೀಲ ದಿನಾ ಬದಲಿಸ್ಬೇಕು, ಹತ್ತಿ ಅರಿವಿವು ಇರಬೇಕು, ನೈಲಾನ್ ಬ್ಯಾಡ."

ಗೊತ್ತಿದೆ ಎನ್ನುವಂತೆ ತಲೆಯಾಡಿಸಿ ಬಂದೆ. ಬಾಜೂ ಮನೆಯವರಿಗೆ ಹೇಳಲಿಲ್ಲ. ನನಗೂ ಹೇಳಿಕೊಳ್ಳಲಿಲ್ಲ.

ಮುಲಾಮು ಒಳ್ಳೆಯದಿತ್ತು. ನಾಲ್ಕೇ ದಿನದಲ್ಲಿ ತುರಿಕೆ ಮಾಯ! ನಾನು ವತ್ಸಲಾಳ ಮುಂದೆ ಕಾಲು ಚಾಚಿ, ರೋಗಿಯು ಸಂಪೂರ್ಣ ಗುಣಮುಖನಾಗಿದ್ದಾನೆಂದು ಘೋಷಿಸಿ, ಮುಲಾಮನ್ನು ಗೋಡೆಯ ಮಾಡದಲ್ಲಿಟ್ಟು, ಅದೇ ನೈಲಾನ್ ಕಾಲುಚೀಲ ಏರಿಸಿದೆ. ಒಂದು ವಾರದಲ್ಲಿ ತುರಿಕೆ ತಿರುಗಿ ಬಂತು. ಒಂದು ಸಂದಿಯಲ್ಲಿದ್ದದ್ದು ಈಗ ಬಂಧು-ಬಳಗ ಕರೆದುಕೊಂಡು ನಾಲ್ಕು ಸಂದಿಗಳಲ್ಲಿ ಬಿಡಾರ ಹೂಡಿತು.

ಒದ್ದೆಯೇ ಶತ್ರು ಎಂದಮೇಲೆ ಪುಡಿಯೇ ಮದ್ದು ಎಂದು ಔಷಧದ ಪೌಡರ್ ತಂದೆ. ಸಂದಿಗೆ ಚೂರೇ ಉದುರಿಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಚೂರಿಗೇ ಗುಣವಾಗುವುದಾದರೆ ಇಡೀ ಡಬ್ಬಿಗೆ ಎಷ್ಟು ಗುಣವಾಗಬೇಕು! ಅರ್ಧರ್ಧ ಡಬ್ಬಿಯನ್ನು ಒಂದೊಂದು ಬೂಟಿಗೆ ಸುರಿದೆ. ಮರುದಿನ ಸಾಲೆಯಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಬೂಟಿನ ಬಾಯಿಂದ ಬುಸ್ ಎಂದು ಬಿಳಿ ಹೊಗೆ ಎದ್ದಿತು. ಸಂಜೆ ಮನೆಗೆ ಬಂದು ಬೂಟು ಕಳಚಿ ಒಳಗೆ ನಡೆದರೆ ಪಡಸಾಲೆಯಿಂದ ದೇವರ ಮನೆಯವರೆಗೆ ಅಚ್ಚ ಬಿಳಿ ಪಾದಗಳು ಮೂಡಿದವು.

ವತ್ಸಲಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಪೂಜಿಗೆ ಇನ್ನೂ ವ್ಯಾಳ್ಯಾ ಅದ, ಈಗs ನಾರಾಯಣನ ಹೆಜ್ಜಿ ಮೂಡ್ಲಿಕ್ಕೆ ಹತ್ಯಾವಲ್ರೀ! ನೆಲಾ ಒರಸವ್ರು ಯಾರು, ಗರುಡನ ಕಳಸ್ತೀರೇನು?"

ಬಸಣ್ಣ ಅದೇ ಹೊತ್ತಿಗೆ ತಮ್ಮ ಮನೆಯಿಂದ ಗಜಕರ್ಣಕ್ಕೆ ಹಚ್ಚುವ ಕರಿ ಮುಲಾಮಿನ ಡಬ್ಬಿ ತಂದುಕೊಟ್ಟರು. "ಚೂರು ಉರೀತೈತ್ರಿ. ಉರದಷ್ಟೂ ಚೊಲೊ ಅಂತ ತಿಳ್ಕೋರಿ" ಎಂದರು. ನಾನು ಹಾಗೇ ತಿಳಿದುಕೊಂಡು, ಮೊದಲೇ ಸಿಪ್ಪೆ ಎದ್ದ ಸಂದಿಗಳಿಗೆ ದಪ್ಪಗೆ ಮೆತ್ತಿದೆ. ಆಮೇಲೆ ಅಂಗಳದಲ್ಲಿ ನಾನು ಕುಣಿದ ಕುಣಿತವನ್ನು ನೋಡಲು ಓಣಿಯ ಮಂದಿಯೆಲ್ಲ ಬಂದಿದ್ದರು. ಬಸಣ್ಣನೊಬ್ಬರೇ ಸಮಾಧಾನದಿಂದ, "ಹತ್ತೇತಿ, ಔಷಧ ಹತ್ತೇತಿ" ಎಂದು ತಲೆದೂಗಿದರು.

ಇಷ್ಟರಲ್ಲಿ ಪೂಜೆಯ ಹಿಂದಿನ ದಿನ ಬಂದೇಬಿಟ್ಟಿತು. ಬೂಟು ಹಾಕಿಕೊಂಡೇ ಹೊರಟೆ. ಮುಲಾಮು ಮಾಡದಲ್ಲೇ ಉಳಿಯಿತು. ಸವದತ್ತಿಯಲ್ಲಿ ಬಸ್ಸು ಬದಲಿಸಲು ಇಳಿದವನು ಸ್ಟ್ಯಾಂಡಿನ ದೊಡ್ಡ ಹೊಂಡವೊಂದನ್ನು ಠೀವಿಯಿಂದ ದಾಟಲು ಹೋಗಿ, ಅದರ ನಟ್ಟನಡುವೆ ಇಳಿದೆ. ಕಟಕೋಳ ದಾಟುವವರೆಗೂ ಬೂಟಿನೊಳಗೆ ನೀರು, ಉಳಿದ ಪೌಡರು, ನಾನು, ಮೂವರೂ ಕಲಸಿಕೊಂಡು ಕೂತಿದ್ದೆವು.

ಆದರೂ ರಾಮದುರ್ಗದ ಮನೆಯ ಬಾಗಿಲಲ್ಲಿ ಒಂದು ಗಳಿಗೆ ಬಂತು, ಅದನ್ನು ನಾನು ಮರೆಯಲಾರೆ. ವಸಂತರಾವ್ ಆಗಲೇ ಬಂದಿದ್ದರು, ಅವರ ಬೂಟು ಹೊರಗಿತ್ತು. ನಾನು ನನ್ನದನ್ನು ಒರೆಸಿ ಪಕ್ಕದಲ್ಲಿ ಬಿಟ್ಟೆ. ಎರಡು ಜೋಡಿ, ಒಂದೇ ನಮೂನೆ! ವತ್ಸಲಾ ನಿಂತು ನೋಡಿದಳು. ಯಾವುದನ್ನೂ ಮರೆಗೆ ಸರಿಸಲಿಲ್ಲ. ಅವಳ ಮುಖದ ಮೇಲಿನ ಆ ಹಿಗ್ಗು ನೋಡಿ, ನಾಳೆ ಏನಾದರೂ ಆಗಲಿ ಈ ಕಾಲು ಮಾತ್ರ ಚಂದ ಕಾಣಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತು.

"ಏನಪಾ ಮಾಸ್ತರ, ಬೂಟು ಗೀಟು ಜೋರದಲ್ಲ!" ಎಂದು ವಸಂತರಾವ್ ಕುರ್ಚಿಯಿಂದಲೇ ನಕ್ಕರು. ಅವರು ನನ್ನನ್ನು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ.

ನಾನು ಹಲ್ಲು ಕಿರಿದು, ಪೇಟೆಯಲ್ಲಿ ಕೆಲಸವಿದೆಯೆಂದು ಮಾವನವರ ಹಳೇ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಯ ಮೆಡಿಕಲ್ ಅಂಗಡಿಗೆ ಓಡಿದೆ. "ನಾಳೆ ಮುಂಜಾನೆಯೊಳಗ ಒಣಗಬೇಕು" ಎಂದೆ.

"ನಾಳೆಗs ಒಣಗಾಕ ಅದೇನ್ ತೊಳದ್ ಹಾಕಿದ ಸೀರಿ ಏನ್ರಿ? ಮುಲಾಮ ಒಯ್ರಿ, ಸಾವಕಾಶ ಹಚ್ಚರಿ" ಎಂದ ಅಂಗಡಿಯವ.

ಆಗ ಕಪಾಟಿನ ಮೂಲೆಯಲ್ಲಿ ನೀಲಿ ಔಷಧದ ಬಾಟಲಿ ಕಾಣಿಸಿತು. ಸಣ್ಣವರಿದ್ದಾಗ ಬಿದ್ದು ಮೊಣಕಾಲು ಕೆತ್ತಿಕೊಂಡರೆ ಸಾಲೆಯಲ್ಲಿ ಹಚ್ಚುತ್ತಿದ್ದರಲ್ಲ, ಅದೇ. ಒಂದೇ ದಿನದಲ್ಲಿ ಗಾಯ ಒಣಗುತ್ತಿತ್ತು! "ಅದನ್ನ ಕೊಡ್ರಿ" ಎಂದೆ.

"ಬಣ್ಣ ಹತ್ತತೈತ್ರಿ."

"ಗೊತ್ತದ, ಗೊತ್ತದ. ವಿಜ್ಞಾನದ ಮಾಸ್ತರ ಅದೇನಿ."

ಮನೆಗೆ ಬಂದು ಬಚ್ಚಲಮನೆಯ ಕದ ಹಾಕಿಕೊಂಡೆ. ಅಲ್ಲಿಯ ದೀಪ ಇದ್ದೂ ಇಲ್ಲದಂತಿತ್ತು. ಹತ್ತಿಯ ಚೂರಿನಿಂದ ಸಂದಿಗಷ್ಟೇ ಮುಟ್ಟಿಸುವ ವಿಚಾರ ನನ್ನದು. ಬಾಟಲಿಯ ವಿಚಾರ ಬೇರೆ ಇತ್ತು. ಬಿರಡೆ ಬಿಗಿಯಾಗಿತ್ತು, ಹಲ್ಲಿನಿಂದ ಎಳೆದೆ, ಬಾಟಲಿ ಕೈಯಿಂದ ಜಾರಿ ಎರಡೂ ಪಾದಗಳ ಮೇಲೆ ಸಮನಾಗಿ ಹಂಚಿಕೊಂಡು ಬಿತ್ತು. ಹರಡಿನವರೆಗೆ ನೀಲಿ! ಸಾಬೂನು ತಿಕ್ಕಿದೆ, ನೀಲಿ ಹೊಳಪೇರಿತು. ಹುಣಸೆಹಣ್ಣು ತಿಕ್ಕಿದೆ, ಉರಿಯಿತು, ನೀಲಿ ಹೋಗಲಿಲ್ಲ. ಬಚ್ಚಲಕಲ್ಲಿಗೆ ಕಾಲು ತಿಕ್ಕಿದೆ. ಕಲ್ಲೂ ನೀಲಿಯಾಯಿತು!

ಎಷ್ಟು ಹೊತ್ತಾದರೂ ನಾನು ಹೊರಗೆ ಬರದಿದ್ದಾಗ ವತ್ಸಲಾ ಕದ ತಟ್ಟಿ ಒಳಗೆ ಬಂದಳು. ಕೆಳಗೆ ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು. ಅವಳ ಕಣ್ಣು ತುಂಬಿದವು.

"ನಾ ಕೇಳಿದ್ದು ಒಂದ. ಮಣಿ ಮ್ಯಾಲೆ ಸರಿಯಾಗಿ ಕೂಡ್ರಿ ಅಂತ. ಅದೂ ಆಗ್ಲಿಲ್ಲಲ್ರೀ ನಿಮ್ಮ ಕಡಿಂದ?"

ಆಮೇಲೆ ತಾನೇ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇರ್ರಿ. ಮುಂಜಾನೆ ಅರಿಷಿಣ ಕಲಸಿ ದಪ್ಪಗ ಹಚ್ಚತೇನಿ. ಶುಭಕಾರ್ಯ, ಯಾರೂ ಏನೂ ಅನ್ನೂದಿಲ್ಲ. ನೀವು ಮಾತ್ರ ಬಾಯಿ ಮುಚ್ಚಿಕೊಂಡು ಕೂಡ್ರಿ" ಅಂದಳು.

ಮರುದಿನ ಎರಡು ಮಣೆಗಳ ಮೇಲೆ ಇಬ್ಬರು ನಾರಾಯಣರು ವಿರಾಜಮಾನರಾದೆವು. ಒಂದೇ ನಮೂನೆಯ ಧೋತರ, ಸರಿಸಮ! ನನ್ನ ಪಾದಗಳು ಹಳದಿಯಾಗಿ ಬಂಗಾರದ ಹಾಗೆ ಹೊಳೆಯುತ್ತಿದ್ದವು. ಅತ್ತೆಯವರು ಅವುಗಳನ್ನು ಕಂಡು, "ಎಷ್ಟು ಲಕ್ಷಣ ಆಗಿ ಅರಿಷಿಣ ಹಚ್ಯಾಳ ನಮ್ಮ ವಚ್ಚಿ" ಎಂದು ಮೆಚ್ಚಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ವತ್ಸಲಾ ತಲೆಯೆತ್ತಿದಳು.

ನಿವೃತ್ತ ಹೆಡ್‌ಮಾಸ್ತರರಾದ ಮಾವನವರು ಚಷ್ಮಾ ತೆಗೆದಿಟ್ಟು ಮಂತ್ರ ಹೇಳುತ್ತ ಮೊದಲು ಹಿರೇ ಅಳಿಯನ ಕಾಲು ತೊಳೆದರು. ನೀರು ಸ್ಫಟಿಕದಂತಿತ್ತು. ಆಮೇಲೆ ನನ್ನ ಪಾಳಿ. ಚಷ್ಮಾ ಇಲ್ಲದ ಅವರ ಕಣ್ಣಿಗೆ ಕಾಲ ಕೆಳಗಿಟ್ಟ ಹಿತ್ತಾಳೆಯ ಅಗಲ ಪರಾತವೇ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆಯವರು ತಂಬಿಗೆಯಿಂದ ನೀರು ಬಿಟ್ಟರು, ಮಾವನವರು ಭಕ್ತಿಯಿಂದ ತಿಕ್ಕಿದರು. ಪರಾತದೊಳಗಿನ ನೀರು ಮೊದಲು ಹಳದಿಯಾಯಿತು. ಆಮೇಲೆ ರಾಡಿಯಾಯಿತು. ಆಮೇಲೆ ನೀಲಿಯಾಯಿತು. ಮಾವನವರು ಆ ನೀರನ್ನು ಬೊಗಸೆಯಲ್ಲಿ ತುಂಬಿ ತಮ್ಮ ಬೆಳ್ಳನೆಯ ತಲೆಗೂದಲಿನ ಮೇಲೆ ಧಾರಾಳವಾಗಿ ಸುರಿದುಕೊಂಡರು! ಉಳಿದದ್ದನ್ನು ಕೂತವರ ಮೇಲೆಲ್ಲ ಪ್ರೋಕ್ಷಿಸಿದರು!

ಅತ್ತೆಯವರ ಕೈಯಿಂದ ತಂಬಿಗೆ ಬಿತ್ತು. ಅವರು ನನ್ನ ನೀಲಿ ಪಾದಗಳನ್ನೇ ನೋಡಿ, ಎರಡೂ ಕೈ ಜೋಡಿಸಿ, ನಿಜವಾದ ಭಕ್ತಿಯಿಂದ ಕೂಗಿದರು: "ಅಯ್ಯ ನಮ್ಮಪ್ಪಾ! ನೀಲಮೇಘಶ್ಯಾಮ! ಖರೇನs ನಾರಾಯಣ ಬಂದಾನ್ರೀ!"

ನಾನು ಹಾಗೇ ನಾರಾಯಣನಾಗಿ ಉಳಿದುಬಿಡಬಹುದಿತ್ತು. ಅಷ್ಟರಲ್ಲಿ ಮಾವನವರು ಚಷ್ಮಾ ಹಾಕಿಕೊಂಡರು. ತಮ್ಮ ಕೈ ನೋಡಿದರು, ಧೋತರ ನೋಡಿದರು, ನನ್ನ ಬೆರಳಸಂದಿ ನೋಡಿದರು.

"ಏನಿದು?"

"ಶಿಲೀಂಧ್ರ, ಮಾವ."

"ಒಂಬತ್ತನೇ ಇಯತ್ತೆ ಪಾಠ ಅಲ್ಲೇನು? ನೀವs ಕಲಸ್ತೀರಿ?"

"ಹೌದ್ರಿ, ನಾನs ಕಲಸ್ತೇನಿ."

ವಸಂತರಾವ್ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಶುಭ್ರವಾದ ಕಾಲು ಮುಂದೆ ಚಾಚಿ, "ನೋಡಪಾ ಮಾಸ್ತರ, ವರ್ಷಾನುಗಟ್ಟಲೆ ಬೂಟು ಹಾಕ್ಕೋತೀನಿ, ಒಂದು ಕಲೆ ಅದ ಏನು? ಬೂಟು ಹಾಕ್ಕೊಳ್ಳಿಕ್ಕೂ ಮನಿತನದ ರೂಢಿ ಬೇಕು" ಎಂದರು. ಮನೆಮಂದಿಯೆಲ್ಲ ನಕ್ಕಿತು. ವತ್ಸಲಾ ನಗಲಿಲ್ಲ. ತಿರುಗಿ ಅಡಿಗೆಮನೆಗೆ ಹೋದಳು. ನಾನು ಮೂವತ್ತಮೂರು ಅನಾರಸಗಳನ್ನು ತೊಡೆಯ ಮೇಲಿಟ್ಟುಕೊಂಡು ನೀಲಿ ಕಾಲು ಧೋತರದೊಳಗೆ ಎಳೆದುಕೊಂಡೆ. ಅವಳ ಮುಖ ಹೇಗೆ ನೋಡಲಿ ಎಂದು ಊಟವೂ ಸೇರಲಿಲ್ಲ.

ಊಟ ಮುಗಿಯುವುದರೊಳಗೆ ವಸಂತರಾವ್ ಅವರ ಜೀಪು ಬಾಗಿಲಿಗೆ ಬಂದು ಹಾರ್ನು ಹೊಡೆಯಿತು. ಅವರು ಅವಸರದಲ್ಲಿ ಬೂಟಿಗೆ ಕಾಲು ತೂರಿಸಿ ಹೊರಟೇಹೋದರು. ನಾವೂ ಸಂಜೆಯ ಬಸ್ಸು ಹಿಡಿದೆವು. ಕಾಲಿಗೆ ಗಾಳಿಯಾಡಲೆಂದು ನಾನು ಮಾವನವರ ಹಳೇ ಚಪ್ಪಲಿಯಲ್ಲೇ ಬಂದೆ. ಬೂಟನ್ನು ವತ್ಸಲಾ ಚೀಲದಲ್ಲಿ ಹಾಕಿಕೊಂಡಳು. ಮಾವನವರು ಮುಂದೆ ಬಹಳ ದಿನ ಟೊಪ್ಪಿಗೆ ಇಲ್ಲದೆ ಬಜಾರಿಗೆ ಹೋಗಲಿಲ್ಲವೆಂದು ಆಮೇಲೆ ಕೇಳಿದೆ.

ಮನೆಗೆ ಬಂದ ಮೇಲೆ ನನ್ನ ಕಾಲಿನ ಆಡಳಿತವನ್ನು ವತ್ಸಲಾ ವಹಿಸಿಕೊಂಡಳು. ಅರಿವೆಯ ಕಾಲುಚೀಲ, ಅದೂ ದಿನಾ ಒಗೆದದ್ದು. ನನ್ನ ಕಾಲಿಗೆ ಬೇರೆ ಟವೆಲ್ಲು. ಬೂಟು ಅಟ್ಟದ ಮೇಲೆ. ಮುಲಾಮು ಎರಡೂ ಹೊತ್ತು, ಹೋದ ಮೇಲೂ ಅವಳು ಸಾಕೆನ್ನುವವರೆಗೆ. ಅವಳು ಬೇಗ ಸಾಕೆನ್ನಲಿಲ್ಲ. ತುರಿಕೆ ಹೋದದ್ದು ತಿರುಗಿ ಬರಲಿಲ್ಲ. ಅವಳ ನಗುವೂ ತಿರುಗಿ ಬಂದಿರಲಿಲ್ಲ.

ಹೀಗಿರುವಾಗ ಒಂದು ದಿನ ಸಾಲೆಗೆ ಫೋನು ಬಂತು. ಹುಬ್ಬಳ್ಳಿಯಿಂದ ವಸಂತರಾವ್! ದನಿ ಬಹಳ ಸಣ್ಣಗಿತ್ತು.

"ಏನ್ರೀ ಮಾಸ್ತರ್ರ, ಆರಾಮ ಇದ್ದೀರಿ? ನಿಮ್ಮ ಕಡೆ ಒಂದು ಮಾತು ಕೇಳೋದಿತ್ತು."

ಬಹುವಚನ! ನಾನು ಕುರ್ಚಿಯಿಂದ ಎದ್ದು ನಿಂತೆ.

"ನಿಮ್ಮ ಆ ಕಾಲಿಂದು... ಹೋತೇನ್ರೀ ಅದು? ಹೆಂಗ ಹೋತು? ಇಲ್ಲ, ನನಗಲ್ಲ, ನಮ್ಮ ಬಾಜೂ ಮನಿಯವ್ರಿಗೆ."

"ಬಾಜೂ ಮನಿಯವ್ರಿಗೆ ಯಾವಾಗಿಂದ್ರೀ?"

ಸಾಹೇಬರ ದನಿ ಇನ್ನೂ ಇಳಿಯಿತು. "ರಾಮದುರ್ಗದಿಂದ ಬಂದಾಗಿಂದ್ರಿ. ಏನೂ ತಿಳೀವಲ್ದು. ಅವತ್ತು ಜೀಪಿನ್ಯಾಗ ಕೂತಾಗ ಬೂಟಿನೊಳಗ ಏನೋ ಒದ್ದಿ ಒದ್ದಿ ಅನಿಸ್ತು. ಮನಿಗೆ ಬಂದು ತಗದು ನೋಡ್ತೀನಿ, ಒಳಗ ಬಿಳೇ ಪುಡಿ ಕಲಸಿದಂಗ ಮೆತ್ತಿತ್ತು. ಎಲ್ಲಿಂದ ಬಂತೋ ದೇವರಿಗೇ ಗೊತ್ತು."

ದೇವರಿಗೆ ಗೊತ್ತಿತ್ತು. ಆ ದೇವರು ಅವತ್ತು ಅವರ ಪಕ್ಕದ ಮಣೆಯ ಮೇಲೆ ನೀಲಿ ಕಾಲು ಮುಚ್ಚಿಕೊಂಡು ಕೂತಿದ್ದ! ನಾನು ಗಂಟಲು ಸರಿಪಡಿಸಿಕೊಂಡು, ಸಂದಿ ಒಣಗಿಸುವುದರಿಂದ ಹಿಡಿದು ಬೂಟನ್ನು ಬಿಸಿಲಿಗಿಡುವವರೆಗೆ, ನಾನು ಯಾವುದನ್ನೆಲ್ಲ ಮಾಡಿರಲಿಲ್ಲವೋ ಅದನ್ನೆಲ್ಲ ಕ್ರಮವಾಗಿ ಉಪದೇಶಿಸಿದೆ. "ನೀಲಿ ಔಷಧದ ಗೊಡವಿಗೆ ಹೋಗಬ್ಯಾಡ್ರಿ. ಗುಣ ಆಗ್ಲಿಲ್ಲಂದ್ರ ನಾಚಿಕಿ ಬಿಟ್ಟು ಡಾಕ್ಟರಿಗೆ ತೋರಿಸ್ರಿ" ಎಂದೂ ಸೇರಿಸಿದೆ.

"ಎಷ್ಟು ತಿಳಕೊಂಡೀರಿ ಮಾಸ್ತರ್ರ! ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ" ಎಂದು ಅವರು ಫೋನಿಟ್ಟರು.

ನಾನು ಓಡುತ್ತಲೇ ಮನೆಗೆ ಹೋಗಿ ವತ್ಸಲಾಳಿಗೆ ಹೇಳಿದೆ. ಅವಳು ಅಟ್ಟದಿಂದ ಬೂಟು ಇಳಿಸಿ ಒಳಗೆ ಕೈಹಾಕಿ ನೋಡಿದಳು. ಸ್ವಚ್ಛ! ಒಂದು ಕಣ ಪೌಡರಿಲ್ಲ. ಅದು ವಸಂತರಾವ್ ಅವರದೇ ಬೂಟು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಂತೂ ಭಾವನವರ ಸರಿಸಮ ಆದ್ರಿ!" ಅಂದಳು.

ನನಗೆ ಆನೆ ಬಲ ಬಂತು. ಬಚ್ಚಲಿಗೆ ಹೋಗಿ ಕಾಲು ತೊಳೆದು, ಒಬ್ಬ ತಜ್ಞನಿಗೆ ತಕ್ಕ ಗತ್ತಿನಿಂದ ಒಳಗೆ ಹೆಜ್ಜೆ ಇಟ್ಟೆ. ಟವೆಲ್ಲೊಂದು ಹಾರಿ ಬಂದು ಮುಖಕ್ಕೆ ಬಡಿಯಿತು.

"ಊರ ಮಂದಿಗೆಲ್ಲ ಬುದ್ಧಿ ಹೇಳ್ತೀರಿ, ಮೊದಲ ನಿಮ್ಮ ಬೆರಳಸಂದಿ ಒರಸ್ಕೋರಿ!"

ಒರೆಸಿಕೊಂಡೆ. ಇವತ್ತಿಗೂ ಒರೆಸಿಕೊಳ್ಳುತ್ತೇನೆ. ಎಂಟು ಸಂದಿ. ಏಳಕ್ಕೆ ನಿಲ್ಲಿಸಿದರೆ ಅಡಿಗೆಮನೆಯಲ್ಲಿದ್ದವಳಿಗೆ ಅದು ಹೇಗೋ ಗೊತ್ತಾಗುತ್ತದೆ!